ಉತ್ತರನ ಪೌರುಷ: ನಗೆಯ ಆಚೆಗೆ

(ಮಂಡೆಕೋಲಿನಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಸಾಹಿತ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕು, ಮಕ್ಕಳಿಗೆ ನಿದ್ದೆ ಬರಬಾರದು ಎಂದು ಸಂಘದವರು ನನಗೆ ತಾಕೀತು ಮಾಡಿದ್ದಾರೆ. ಆದ್ದರಿಂದ ನಗೆಯ ಕಥೆಯೊಂದನ್ನೇ ಆರಿಸಿಕೊಂಡಿದ್ದೇನೆ. ಯಾವ ತಯಾರಿಯೂ ಇಲ್ಲದ ಒಬ್ಬ ಹುಡುಗನ ಕೈಗೆ ಒಂದು ದಿನದ ಮಟ್ಟಿಗೆ ರಾಜ್ಯ ಸಿಕ್ಕಿದ ಕಥೆ ಇದು. ನಗುವುದಕ್ಕೆ ಇದರಲ್ಲಿ ಬೇಕಾದಷ್ಟಿದೆ. ಆದರೆ ನಕ್ಕು ಮುಗಿದ ಮೇಲೆ ನಾವು ಯೋಚಿಸಬೇಕಾದ ವಿಷಯವೂ ಇದೆ. ಅದರಲ್ಲೂ ಮಕ್ಕಳಿಗೆ ಓದು ಕಲಿಸುವುದಕ್ಕೆಂದೇ ಹುಟ್ಟಿದ ಒಂದು ಸಂಘ ಯೋಚಿಸಬೇಕಾದ್ದು.

ಸಿದ್ಧತೆಯಿಲ್ಲದವನು ಸಿಂಹಾಸನ ಏರಿದರೆ ಏನಾಗುತ್ತದೆ ಎಂಬ ತಮಾಷೆ ಲೋಕದ ಎಲ್ಲ ಕಡೆಯೂ ಇದೆ. ಅರೇಬಿಯನ್ ನೈಟ್ಸ್ ಎಂದು ಹೆಸರಾದ ಸಾವಿರದೊಂದು ರಾತ್ರಿಗಳ ಕಥೆಗಳ ಜೊತೆಗೆ ಬಂದಿರುವ ಅಬೂ ಹಸನನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬಾಗ್ದಾದಿನ ಖಲೀಫ ಹಾರೂನ್ ರಶೀದ್ ವೇಷ ಮರೆಸಿಕೊಂಡು ಅವನ ಮನೆಗೆ ಅತಿಥಿಯಾಗಿ ಬರುತ್ತಾನೆ. ತಾನು ಒಂದು ದಿನ ಖಲೀಫನಾಗಿದ್ದರೆ ನೆರೆಕೆರೆಯ ಕೆಲವು ಮುದುಕರಿಗೆ ಬುದ್ಧಿ ಕಲಿಸುತ್ತಿದ್ದೆ ಎಂದು ಅಬೂ ಹಸನ್ ಹೇಳಿಕೊಳ್ಳುತ್ತಾನೆ. ಖಲೀಫ ಅವನಿಗೆ ಮದ್ದು ಬೆರೆಸಿ ಕುಡಿಸಿ ಅರಮನೆಗೆ ಹೊತ್ತು ತರಿಸುತ್ತಾನೆ. ಬೆಳಿಗ್ಗೆ ಎದ್ದರೆ ಸುತ್ತಲೂ ಸೇವಕರು, ಎಲ್ಲರೂ ಖಲೀಫರೇ ಎಂದು ಕರೆಯುವವರು! ಅಧಿಕಾರ ಸಿಕ್ಕಿದ ಕೂಡಲೇ ಆತ ಮಾಡಿದ್ದು ಎರಡು ಕೆಲಸ. ತನ್ನ ತಾಯಿಗೆ ಹಣ ಕಳಿಸಿದ. ಬೀದಿಯ ಮುದುಕರಿಗೆ ಛಡಿ ಏಟು ಹೊಡೆಸಿದ. ಮರುದಿನ ತನ್ನ ಮನೆಯಲ್ಲೇ ಎಚ್ಚರವಾದಾಗಲೂ ತಾನು ಖಲೀಫನೆಂದೇ ಹಟ ಹಿಡಿದು ತಾಯಿಯ ಮೇಲೆ ಕೈಮಾಡಿದ. ಹುಚ್ಚರ ಆಸ್ಪತ್ರೆ ಸೇರಿದ. ಒಂದೇ ಒಂದು ದಿನದ ಅಧಿಕಾರ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆ ನೋಡಿ.

ಇದು ಕಲ್ಪನೆಯಾಯಿತು. ನಿಜವಾಗಿ ನಡೆದದ್ದೂ ಇದೆ. 1539ರಲ್ಲಿ ಚೌಸಾ ಎಂಬಲ್ಲಿ ಶೇರ್ ಖಾನನ ಎದುರು ಸೋತ ಹುಮಾಯೂನ್ ಗಂಗಾನದಿಯಲ್ಲಿ ಮುಳುಗುವುದರಲ್ಲಿದ್ದ. ನಿಜಾಮ್ ಎಂಬ ನೀರು ಹೊರುವವನು ತನ್ನ ಚರ್ಮದ ಚೀಲಕ್ಕೆ ಗಾಳಿ ತುಂಬಿ ಅವನನ್ನು ದಡ ಸೇರಿಸಿದ. ಕೊಟ್ಟ ಮಾತಿನಂತೆ ಹುಮಾಯೂನ್ ಆಗ್ರಾದಲ್ಲಿ ಅವನನ್ನು ಸಿಂಹಾಸನದಲ್ಲಿ ಕೂರಿಸಿದ. ಎರಡು ದಿನ ಹೀಗೆ ರಾಜ್ಯವಾಳಿಸಿದನೆಂದು ಹುಮಾಯೂನನ ತಂಗಿ ಗುಲ್ಬದನ್ ಬೇಗಂ ತನ್ನ 'ಹುಮಾಯೂನ್ ನಾಮಾ'ದಲ್ಲಿ ಬರೆದಿದ್ದಾಳೆ.

ಪೋಲೆಂಡ್ ದೇಶದ ಯಾನುಷ್ ಕೋರ್ಚಾಕ್ ಎಂಬ ಮಕ್ಕಳ ವೈದ್ಯರು 1920ರ ದಶಕದ ಆರಂಭದಲ್ಲಿ ಇದೇ ವಸ್ತುವಿನ ಮೇಲೆ ಒಂದು ಕಾದಂಬರಿಯನ್ನೇ ಬರೆದರು. ತಂದೆ ತೀರಿಹೋದ ಕಾರಣ ಒಬ್ಬ ಪುಟ್ಟ ಹುಡುಗ ರಾಜನಾಗುತ್ತಾನೆ. ಮಕ್ಕಳಿಗೆಲ್ಲ ಚಾಕೊಲೇಟು ಹಂಚಿಸುತ್ತಾನೆ, ಮಕ್ಕಳ ಸಂಸತ್ತು ಕಟ್ಟುತ್ತಾನೆ. ದೊಡ್ಡವರೆಲ್ಲ ಶಾಲೆಗೆ ಹೋಗಬೇಕು, ಮಕ್ಕಳು ದೊಡ್ಡವರ ಕೆಲಸ ಮಾಡಬೇಕು ಎಂದಾಗ ರೈಲುಗಳೂ ಕಚೇರಿಗಳೂ ಅಸ್ತವ್ಯಸ್ತವಾಗುತ್ತವೆ. ಕೊನೆಗೆ ರಾಜ್ಯ ಹೋಗುತ್ತದೆ. ಅನಾಥಾಲಯ ನಡೆಸುತ್ತಿದ್ದ ಈ ಲೇಖಕರನ್ನು 1942ರಲ್ಲಿ ನಾಜಿಗಳು ಅವರ ಸುಮಾರು 200 ಮಕ್ಕಳ ಜೊತೆಗೇ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದರು. ಮಕ್ಕಳನ್ನು ಬಿಟ್ಟು ತಾನು ಪಾರಾಗಲು ಅವರು ಒಪ್ಪಲಿಲ್ಲ. ನಗೆಯ ಕಥೆ ಬರೆಯುವವರು ಹಗುರ ಮನುಷ್ಯರಲ್ಲ ಎಂಬುದಕ್ಕೆ ಈ ಮಾತು ಹೇಳಿದೆ.

ನಮ್ಮ ಊರಿನ ಅರಸುಮಗ

ಇಷ್ಟು ದೂರ ಹೋಗುವ ಅಗತ್ಯವೇ ಇಲ್ಲದಂತೆ ನಮ್ಮಲ್ಲಿಯೇ ಇಂಥ ಒಬ್ಬ ಹುಡುಗನಿದ್ದಾನೆ. ನೀವೆಲ್ಲ ಅವನ ಹೆಸರನ್ನು ಬಳಸಿದ್ದೀರಿ. ಯಾರಾದರೂ ಬಾಯಲ್ಲಿ ಬೆಟ್ಟ ಕಡಿದು ಕೆಲಸದ ಹೊತ್ತಿಗೆ ಕಾಣೆಯಾದರೆ 'ಉತ್ತರನ ಪೌರುಷ ಒಲೆ ಮುಂದೆ' ಎನ್ನುತ್ತೇವೆ. ಆ ಉತ್ತರನೇ ವಿರಾಟರಾಜನ ಮಗ ಉತ್ತರಕುಮಾರ.

ಮಹಾಭಾರತದ ವಿರಾಟ ಪರ್ವದಲ್ಲಿ ಬರುವ ಈ ಪಾತ್ರವನ್ನು ಕನ್ನಡಿಗರ ಮನೆಮಾತಾಗಿಸಿದವನು ಹದಿನೈದನೆಯ ಶತಮಾನದ ಗದುಗಿನ ಕವಿ ಕುಮಾರವ್ಯಾಸ. ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವಗಳ ಭಾರತ ಬರೆದ ಅವನಿಗೆ ಈ ಹುಡುಗ ಸಿಕ್ಕಿದಾಗ ಹಬ್ಬವೇ ಆಗಿದೆ. ಆ ಮೇಲೆ ಯಕ್ಷಗಾನ ಅವನನ್ನು ಕರಾವಳಿಯ ಗದ್ದೆ ಗದ್ದೆಗೆ ಕರೆತಂದಿತು. ನಮ್ಮ ಸುಳ್ಯ ಪುತ್ತೂರು ಕಡೆ ಮಳೆಗಾಲದಲ್ಲಿ ತಾಳಮದ್ದಳೆ ಇಟ್ಟರೆ ವಿರಾಟ ಪರ್ವದ ಪ್ರಸಂಗ ಬರದೆ ಇರುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಚೆಂಡೆ ಮದ್ದಳೆ, ಅರ್ಥ ಹೇಳುವವರ ಬಾಯಿಮಾತು ಅಷ್ಟೇ. ಬರೆದಿಟ್ಟ ಸಂಭಾಷಣೆ ಇಲ್ಲ. ಆಗಲೇ ಯೋಚಿಸಿ ಆಗಲೇ ಹೇಳಬೇಕು. ಒಳ್ಳೆಯ ಅರ್ಥಧಾರಿಗೆ ಉತ್ತರನ ಪಾತ್ರ ಸಿಕ್ಕಿದರೆ ಸಭೆಯಲ್ಲಿ ಹೊಟ್ಟೆ ಹಿಡಿದು ನಗದವರು ಇರಲಾರರು.

ಇದು ನಮ್ಮದಲ್ಲದ ಸಂಗತಿ ಎಂದು ಯಾವ ವಿದ್ಯಾರ್ಥಿಯೂ ತಿಳಿಯಬೇಕಾಗಿಲ್ಲ. ಈ ಮಣ್ಣಿನಲ್ಲಿ ಕಥೆಗಳು ಹಾಗೆ ಬೇಲಿ ಹಾಕಿಕೊಂಡು ಬದುಕಿಲ್ಲ. ಬಪ್ಪನಾಡಿನ ಕ್ಷೇತ್ರದ ಕಥೆಯಲ್ಲಿ ಬರುವ ಬಪ್ಪ ಬ್ಯಾರಿಯ ಪಾತ್ರವನ್ನು ಮಾಡಿ ಮನೆಮಾತಾದವರು ಶೇಣಿ ಗೋಪಾಲಕೃಷ್ಣ ಭಟ್ಟರು (1918-2006). ಇತ್ತ ನಮ್ಮ ಪಕ್ಕದ ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಳೆಯ ಅರ್ಥಧಾರಿಗಳಾಗಿ ಜಿಲ್ಲೆಯ ಒಳಗೂ ಹೊರಗೂ ಹೆಸರು ಮಾಡಿದ್ದಾರೆ. ಪುತ್ತೂರಿನ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿಯವರು 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಮಾತಾಡುವ ಈ ಗಡಿನಾಡಿನ ಮಕ್ಕಳಿಗೆ ಎಲ್ಲ ಕಥೆಗಳ ಮೇಲೂ ಹಕ್ಕಿದೆ.

ಬಾಯಲ್ಲಿ ಗೆದ್ದ ಯುದ್ಧ

ಈಗ ಕಥೆಗೆ ಬರೋಣ. ಪಾಂಡವರು ಹನ್ನೆರಡು ವರ್ಷ ಕಾಡಿನಲ್ಲಿ ಕಳೆದು ಹದಿಮೂರನೆಯ ವರ್ಷವನ್ನು ಯಾರಿಗೂ ಗುರುತು ಸಿಗದಂತೆ ಕಳೆಯಬೇಕು. ಅದಕ್ಕಾಗಿ ವಿರಾಟನ ಅರಮನೆಯಲ್ಲಿ ಹೆಸರು ಬದಲಿಸಿ ಸೇರಿಕೊಂಡಿದ್ದಾರೆ. ಧರ್ಮರಾಯ ಕಂಕಭಟ್ಟನಾಗಿ ರಾಜನ ಜೊತೆ ಪಗಡೆಯಾಡುತ್ತಾನೆ. ಭೀಮ ಅಡಿಗೆಮನೆಯಲ್ಲಿದ್ದಾನೆ. ದ್ರೌಪದಿ ರಾಣಿಯ ಸೈರಂಧ್ರಿ. ಅರ್ಜುನ ಬೃಹನ್ನಳೆ ಎಂಬ ಹೆಸರಲ್ಲಿ, ಹೆಂಗಸರ ಉಡುಪಿನಲ್ಲಿ, ಜಡೆ ಬಿಟ್ಟುಕೊಂಡು ರಾಜಕುಮಾರಿ ಉತ್ತರೆಗೆ ನಾಟ್ಯ ಕಲಿಸುತ್ತಿದ್ದಾನೆ.

ಒಂದು ದಿನ ತ್ರಿಗರ್ತದ ಸುಶರ್ಮ ಒಂದು ದಿಕ್ಕಿನಿಂದ ಬಂದು ದನಗಳನ್ನು ಹಿಡಿದ. ರಾಜ ವಿರಾಟ ಇದ್ದಬದ್ದ ಸೈನ್ಯವನ್ನೆಲ್ಲ ಕಟ್ಟಿಕೊಂಡು ಆ ಕಡೆ ಓಡಿದ. ಮರುದಿನ ಇನ್ನೊಂದು ದಿಕ್ಕಿನಿಂದ ಕೌರವರ ಇಡೀ ಸೈನ್ಯ ಬಂತು. ಭೀಷ್ಮ, ದ್ರೋಣ, ಕೃಪ, ಕರ್ಣ, ಅಶ್ವತ್ಥಾಮ, ದುರ್ಯೋಧನ ಎಲ್ಲರೂ ಇದ್ದಾರೆ. ದನ ಕಾಯುವವರ ಮುಖ್ಯಸ್ಥ ಏದುಸಿರು ಬಿಡುತ್ತಾ ರಾಜಧಾನಿಗೆ ಬಂದ. ಅರಮನೆಯಲ್ಲಿ ಯಾರಿದ್ದಾರೆ? ರಾಜನಿಲ್ಲ, ಮಂತ್ರಿಯಿಲ್ಲ, ಸೇನಾಪತಿಯಿಲ್ಲ. ಅಂತಃಪುರದಲ್ಲಿ ಹೆಂಗಸರ ನಡುವೆ ಕುಳಿತಿದ್ದ ಉತ್ತರನೊಬ್ಬನೇ ಇದ್ದಾನೆ. ಆ ಕ್ಷಣಕ್ಕೆ ಮತ್ಸ್ಯದೇಶದ ದೊರೆ ಅವನೇ.

ಸುದ್ದಿ ಕೇಳಿದ ಉತ್ತರ ಏನು ಮಾಡಿದ? ಮಾತಾಡಿದ. ಕೌರವರನ್ನು ಒಬ್ಬೊಬ್ಬರನ್ನಾಗಿ ಬಾಯಲ್ಲೇ ಸೋಲಿಸಿದ. ನನ್ನ ಬಾಣ ಕಂಡರೆ ಅವರು, ಇವನೇನು ಅರ್ಜುನನೋ ಎಂದು ಬೆಚ್ಚಿಬೀಳಬೇಕು ಎಂದ. ಅವನು ಹೀಗೆ ಹೇಳುವಾಗ ಅರ್ಜುನ ಅದೇ ಅರಮನೆಯಲ್ಲಿ ನಾಟ್ಯದ ಗುರುವಾಗಿದ್ದಾನೆ, ಅರ್ಜುನನ ಹೆಂಡತಿ ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ! ಇಲ್ಲಿ ನಗು ಬರದೆ ಇರಲು ಸಾಧ್ಯವೇ? ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೊಂದು ನೆಪ ಬೇಕಲ್ಲ. ಹಿಂದಿನ ಯುದ್ಧದಲ್ಲಿ ನನ್ನ ಸಾರಥಿ ಸತ್ತುಹೋದ. ಒಬ್ಬ ಸಾರಥಿ ಸಿಕ್ಕಿದ್ದರೆ ಈಗಲೇ ಹೊರಟೆ ಎಂದ. ನಮ್ಮ ಮಕ್ಕಳೂ ಹಾಗೆಯೇ ಅಲ್ಲವೇ? ಒಳ್ಳೆಯ ಟ್ಯೂಷನ್ ಸಿಕ್ಕಿದ್ದರೆ ರ‍್ಯಾಂಕ್ ಬರುತ್ತಿತ್ತು ಎನ್ನುವವರಿದ್ದಾರೆ. ಒಳ್ಳೆಯ ಬ್ಯಾಟ್ ಇದ್ದಿದ್ದರೆ ಸೆಂಚುರಿ ಹೊಡೆಯುತ್ತಿದ್ದೆ ಎನ್ನುವವರೂ ಇದ್ದಾರೆ.

ಸೈರಂಧ್ರಿಗೆ ತಡೆಯಲಾಗಲಿಲ್ಲ. ಸಾರಥಿ ಬೇಕೇ? ಬೃಹನ್ನಳೆ ಇದ್ದಾಳಲ್ಲ, ಅವಳಿಗೆ ರಥ ಹೊಡೆದು ಗೊತ್ತು ಎಂದಳು. ಹುಡುಗನ ನೆಪ ಅಲ್ಲಿಗೆ ಮುಗಿಯಿತು. ಬೃಹನ್ನಳೆ ಕವಚವನ್ನು ತಲೆಕೆಳಗಾಗಿ ತೊಟ್ಟು ಹೆಣ್ಣುಮಕ್ಕಳನ್ನು ನಗಿಸಿದಳು. ಉತ್ತರೆ ಮತ್ತು ಗೆಳತಿಯರು, ಬರುವಾಗ ಭೀಷ್ಮ ದ್ರೋಣರ ಬಣ್ಣಬಣ್ಣದ ಬಟ್ಟೆ ತಾ, ನಮ್ಮ ಗೊಂಬೆಗಳಿಗೆ ಬೇಕು ಎಂದರು. ಹೀಗೆ ಗೊಂಬೆಯ ಬಟ್ಟೆಗೆಂದು ಹೊರಟ ಹಾಗೆ ಯುದ್ಧಕ್ಕೆ ರಥ ಹೊರಟಿತು.

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕೌರವರ ಸೈನ್ಯ ಕಣ್ಣಿಗೆ ಬಿತ್ತು. ಸಮುದ್ರ ನೋಡಿದಂತಾಯಿತು. ಉತ್ತರನ ಮೈಯಲ್ಲಿ ರೋಮ ಎದ್ದು ನಿಂತಿತು. ರಥ ತಿರುಗಿಸು ಎಂದ. ಬೃಹನ್ನಳೆ ತಿರುಗಿಸಲಿಲ್ಲ. ಬಿಲ್ಲು ಬಾಣ ಬಿಸುಟು ರಥದಿಂದ ಹಾರಿ ಓಡಿದ. ಜಡೆ ಹಾರಿಸಿಕೊಂಡು, ಸೀರೆ ಎತ್ತಿ ಹಿಡಿದು ಬೃಹನ್ನಳೆ ಅವನ ಹಿಂದೆ ಓಡಿದಳು. ಇದನ್ನು ಕಂಡ ಕೌರವ ಸೈನಿಕರು ನಕ್ಕರು. ನೂರು ಹೆಜ್ಜೆಯೊಳಗೆ ಕೂದಲು ಹಿಡಿದು ನಿಲ್ಲಿಸಿದಾಗ ರಾಜಕುಮಾರ ಅಂಗಲಾಚಿದ. ಚಿನ್ನದ ನಾಣ್ಯ ಕೊಡುತ್ತೇನೆ, ವೈಡೂರ್ಯ ಕೊಡುತ್ತೇನೆ, ರಥ ಕೊಡುತ್ತೇನೆ, ಆನೆ ಕೊಡುತ್ತೇನೆ, ಬಿಟ್ಟುಬಿಡು ಎಂದ.

ನಮ್ಮ ಗಾದೆ ಇಲ್ಲಿಗೆ ನಿಂತುಬಿಡುತ್ತದೆ. ಜನ ನಕ್ಕು ಎದ್ದು ಹೋಗುತ್ತಾರೆ. ಆದರೆ ಕಥೆ ಇನ್ನೂ ಅರ್ಧವೂ ಆಗಿಲ್ಲ.

ತಪ್ಪು ಯಾರದು?

ಓಡುವ ಮೊದಲು ಉತ್ತರ ಹೇಳಿದ ಒಂದು ಮಾತನ್ನು ನಾವು ಕೇಳಿಸಿಕೊಳ್ಳುವುದಿಲ್ಲ. ವ್ಯಾಸಭಾರತದಲ್ಲಿ ಅವನು ಬೃಹನ್ನಳೆಗೆ ಹೇಳುವ ಮಾತಿನ ಸಾರ ಇಷ್ಟು: ತಂದೆ ಸೈನ್ಯವನ್ನೆಲ್ಲ ಕರೆದುಕೊಂಡು ಹೋಗಿದ್ದಾರೆ, ನನಗಾಗಿ ಒಬ್ಬ ಸೈನಿಕನನ್ನೂ ಬಿಟ್ಟಿಲ್ಲ. ನಾನು ಹುಡುಗ, ನನಗೆ ಅಭ್ಯಾಸವಿಲ್ಲ. ಅಸ್ತ್ರವಿದ್ಯೆಯಲ್ಲಿ ಪಳಗಿದ ಇಷ್ಟು ಜನರ ಎದುರು ಒಬ್ಬನೇ ಹೇಗೆ ನಿಲ್ಲಲಿ?

ಈ ಮಾತಿನಲ್ಲಿ ಸುಳ್ಳೇನಿದೆ? ರಾಜಧಾನಿಯನ್ನು ಬರಿದುಮಾಡಿ ಹೋದವನು ತಂದೆ. ಬಹುಕಾಲ ಸೇನಾಪತಿ ಕೀಚಕನ ತೋಳಬಲದ ಮೇಲೆ ನಿಂತಿದ್ದ ರಾಜ್ಯ ಅದು. ಮುಂದೆ ಆಳಬೇಕಾದ ಮಗನಿಗೆ ತಯಾರಿ ಕೊಡಿಸುವ ಗೋಜಿಗೆ ಯಾರೂ ಹೋದಂತೆ ಕಾಣುವುದಿಲ್ಲ. ಅದೇ ಅರಮನೆಯಲ್ಲಿ ಮಗಳಿಗೆ ಗುರುವನ್ನು ನೇಮಿಸಿದ್ದರು. ಉತ್ತರೆ ಕಲಿತಳು. ಮಗ ಮಾತ್ರ ಹೊಗಳುವವರ ನಡುವೆ ಬೆಳೆದ. ಮಾತಿಗೆ ತಲೆದೂಗುವವರು ಸುತ್ತ ಇದ್ದರೆ ಬಾಯಿ ಬೆಳೆಯುತ್ತದೆ, ಕೈ ಬೆಳೆಯುವುದಿಲ್ಲ.

ಬಂಧುಗಳೇ, ನಮ್ಮ ಮನೆಗಳ ಕಡೆಗೂ ಸ್ವಲ್ಪ ನೋಡಿಕೊಳ್ಳೋಣ. ಗಂಡುಮಗು ಎಂದು ಮುದ್ದು ಮಾಡಿ ಬೆಳೆಸುತ್ತೇವೆ. ಹತ್ತನೆಯ ತರಗತಿಯಲ್ಲಿ ಹೆಣ್ಣುಮಕ್ಕಳು ಒಳ್ಳೆಯ ಅಂಕ ತರುತ್ತಿರುವಾಗ ಅದೇ ಮನೆಯ ಹುಡುಗ ಪುಸ್ತಕ ಮಡಚಿಟ್ಟು ಬೈಕಿನ ಬಗ್ಗೆ, ಗಲ್ಫಿನ ಬಗ್ಗೆ ದೊಡ್ಡ ಮಾತಾಡುತ್ತಿರುತ್ತಾನೆ. ಉಮ್ಮನ ಎದುರು ಹುಲಿ. ಒಂದು ಅರ್ಜಿ ತುಂಬಿಸಲು ಬ್ಯಾಂಕಿಗೆ ಕಳುಹಿಸಿದರೆ ಬಾಗಿಲಲ್ಲೇ ಬೆವರುತ್ತಾನೆ. ಅವನನ್ನು ನೋಡಿ ನಗುವುದು ಸುಲಭ. ಅವನ ಕೈಗೆ ನಾವು ಏನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳುವುದು ಕಷ್ಟ.

ಬೃಹನ್ನಳೆ ಎಂಬ ಗುರು

ಇನ್ನು ಕಥೆಯ ಉಳಿದ ಭಾಗ. ಓಡಿದ ಶಿಷ್ಯನನ್ನು ಹಿಡಿದು ತಂದ ಬೃಹನ್ನಳೆ ಏನು ಮಾಡಿದಳು? ಬೈದು ಕಳಿಸಲಿಲ್ಲ. ನೀನು ಹೇಡಿ, ಮನೆಗೆ ಹೋಗು ಎನ್ನಲಿಲ್ಲ. ಹೊಗಳಿ ಮತ್ತೆ ಯುದ್ಧಕ್ಕೂ ನೂಕಲಿಲ್ಲ. ನಿನಗೆ ಯುದ್ಧ ಮಾಡಲು ಆಗದಿದ್ದರೆ ಬೇಡ, ನಾನು ಮಾಡುತ್ತೇನೆ. ನೀನು ಕುದುರೆಗಳ ಹಗ್ಗ ಹಿಡಿ ಎಂದಳು. ಹುಡುಗನಿಗೆ ಆಗುವ ಕೆಲಸ ಯಾವುದೆಂದು ಕಂಡುಹಿಡಿದು ಅದನ್ನು ಅವನ ಕೈಗೆ ಕೊಟ್ಟಳು. ರಾಜನಾಗಿ ಹೊರಟವನು ಸಾರಥಿಯಾದ.

ಅಲ್ಲಿಂದ ಶಮೀವೃಕ್ಷದ ಬಳಿಗೆ ಕರೆದೊಯ್ದಳು. ಪಾಂಡವರು ಆಯುಧಗಳನ್ನು ಕಟ್ಟಿ, ಹೆಣದಂತೆ ಕಾಣುವ ಹಾಗೆ ಆ ಮರದಲ್ಲಿ ತೂಗುಹಾಕಿದ್ದರು. ಮರ ಹತ್ತು ಎಂದಳು. ಹೆಣ ಮುಟ್ಟಲಾರೆ ಎಂದು ಹುಡುಗ ಹಿಂಜರಿದ. ಅದು ಹೆಣವಲ್ಲ ಎಂದು ತಿಳಿಹೇಳಿ ಹತ್ತಿಸಿದಳು. ಕಟ್ಟು ಬಿಚ್ಚಿದಾಗ ಆಯುಧಗಳ ಹೊಳಪು ಕಂಡು ಅವನು ಒಂದೊಂದನ್ನೂ ತೋರಿಸಿ ಇದು ಯಾರದು, ಇದು ಯಾರದು ಎಂದು ಕೇಳತೊಡಗಿದ. ಅಲ್ಲಿಯವರೆಗೆ ಬರೀ ಹೇಳುತ್ತಿದ್ದ ಹುಡುಗ ಮೊದಲ ಬಾರಿಗೆ ಪ್ರಶ್ನೆ ಕೇಳಿದ್ದು ಆ ಮರದ ಕೆಳಗೆ. ಅಲ್ಲಿಯೇ ಅರ್ಜುನ ತಾನು ಯಾರೆಂದು ಹೇಳಿಕೊಂಡ. ಹುಡುಗ ಸುಮ್ಮನೆ ನಂಬಲಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳಿವೆ, ಅವುಗಳನ್ನು ಹೇಳಿದರೆ ನಂಬುತ್ತೇನೆ ಎಂದ. ಪರೀಕ್ಷೆ ಮಾಡಿಯೇ ಒಪ್ಪಿದ. ಇದೂ ವಿದ್ಯಾರ್ಥಿಯ ಲಕ್ಷಣವೇ.

ಆಮೇಲೆ ಯುದ್ಧ ನಡೆಯಿತು. ಅದರ ನಡುವೆ ಉತ್ತರ ಮತ್ತೊಮ್ಮೆ ಎದೆಗುಂದಿದ. ಕುದುರೆ ಹಿಡಿಯಲಾರೆ, ತಲೆ ತಿರುಗುತ್ತಿದೆ ಎಂದ. ಅರ್ಜುನ ಮತ್ತೊಮ್ಮೆ ಧೈರ್ಯ ಹೇಳಿದ. ಅಧ್ಯಾಪಕರು ಇಲ್ಲಿ ಹಲವರಿದ್ದೀರಿ. ಒಂದು ಸಲ ಹೇಳಿದ್ದೇನೆ, ಇನ್ನೆಷ್ಟು ಸಲ ಹೇಳಬೇಕು ಎಂದು ನಮಗೆಲ್ಲ ಅನಿಸುತ್ತದೆ. ಭಾರತದ ಅತಿ ದೊಡ್ಡ ಬಿಲ್ಲುಗಾರ, ಭೀಷ್ಮ ದ್ರೋಣರನ್ನು ಎದುರಿಗಿಟ್ಟುಕೊಂಡು ಕೂಡ, ಹಿಂದೆ ತಿರುಗಿ ಒಬ್ಬ ಹುಡುಗನಿಗೆ ಎರಡನೆಯ ಸಲ ಸಮಾಧಾನ ಹೇಳಿದ್ದಾನೆ. ಕೌರವರು ಮೂರ್ಛೆ ಹೋದ ಮೇಲೆ ಗೊಂಬೆಗೆ ಬೇಕಾದ ಬಟ್ಟೆಗಳನ್ನು ಬಿಚ್ಚಿ ತಂದವನು ಅದೇ ಉತ್ತರ. ಬೆಳಿಗ್ಗೆ ದೂರದಿಂದ ಕಂಡೇ ಓಡಿದ ಸೈನ್ಯದ ನಡುವೆ ಸಂಜೆ ಅವನೊಬ್ಬನೇ ಇಳಿದು ನಡೆದಾಡಿದ.

ನಿಜವಾದ ಪೌರುಷ

ಗೆದ್ದು ಹಿಂತಿರುಗುವಾಗ ಅರ್ಜುನ, ನಮ್ಮ ಗುಟ್ಟು ಈಗಲೇ ಬಿಟ್ಟುಕೊಡಬೇಡ, ನೀನೇ ಗೆದ್ದೆ ಎಂದು ತಂದೆಗೆ ಹೇಳು ಎಂದ. ಯೋಚಿಸಿ ನೋಡಿ. ಜೀವನವಿಡೀ ಬಡಾಯಿ ಕೊಚ್ಚಿದ ಹುಡುಗನಿಗೆ ಲೋಕದ ಅತಿ ದೊಡ್ಡ ಬಡಾಯಿಯನ್ನು ಕೊಚ್ಚಲು ಗುರುವೇ ಅನುಮತಿ ಕೊಟ್ಟಿದ್ದಾನೆ. ಸಾಕ್ಷಿ ಹೇಳುವವರು ಯಾರೂ ಇಲ್ಲ. ಊರಲ್ಲಿ ಉತ್ತರ ಗೆದ್ದನೆಂದು ಡಂಗುರವಾಗಿದೆ, ಬೀದಿಗಳನ್ನು ಸಿಂಗರಿಸಿದ್ದಾರೆ. ಅಪ್ಪ ಹಿರಿಹಿರಿ ಹಿಗ್ಗಿದ್ದಾನೆ. ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವಿಗೇನು ಕೊರತೆ ಎಂದ ಕಂಕನ ಮುಖಕ್ಕೆ ದಾಳ ಎಸೆದು ರಕ್ತ ಬರಿಸುವಷ್ಟು ಮಗನ ಅಭಿಮಾನ ಅವನ ತಲೆಗೇರಿದೆ.

ಇಂಥ ಸಭೆಗೆ ಉತ್ತರ ಕಾಲಿಟ್ಟ. ಮೊದಲು ಕಂಡದ್ದು ಕಂಕನ ಮುಖದ ರಕ್ತ. ಯಾರು ಹೊಡೆದರು ಎಂದು ಕೇಳಿದ. ನಾನೇ ಹೊಡೆದೆ ಎಂದ ತಂದೆಗೆ, ನೀವು ಮಾಡಿದ್ದು ತಪ್ಪು, ಅವರಲ್ಲಿ ಕ್ಷಮೆ ಕೇಳಿ ಎಂದ. ರಾಜ ಕ್ಷಮೆ ಕೇಳಿದ. ಆಮೇಲೆ ತಂದೆ ಗೆಲುವಿನ ವಿವರ ಕೇಳಿದಾಗ, ದನಗಳನ್ನು ಬಿಡಿಸಿದ್ದು ನಾನಲ್ಲ, ಶತ್ರುಗಳನ್ನು ಗೆದ್ದದ್ದೂ ನಾನಲ್ಲ. ಹೆದರಿ ಓಡುತ್ತಿದ್ದ ನನ್ನನ್ನು ತಡೆದು ಒಬ್ಬ ದೇವಕುಮಾರ ಇದನ್ನೆಲ್ಲ ಮಾಡಿದ ಎಂದ. ಗುರುವಿನ ಗುಟ್ಟನ್ನೂ ಕಾಪಾಡಿದ, ಗುರುವಿನ ಗೆಲುವನ್ನು ತನ್ನದೆಂದೂ ಹೇಳಿಕೊಳ್ಳಲಿಲ್ಲ. ತುಂಬಿದ ಸಭೆಯಲ್ಲಿ, ಅಪ್ಪನ ಎದುರು, ನಾನು ಹೆದರಿ ಓಡಿದೆ ಎಂದು ಬಾಯಿಬಿಟ್ಟು ಹೇಳಿದ.

ಉತ್ತರನ ಪೌರುಷ ಎಂದು ಕರೆಯಬೇಕಾದ್ದು ಇದನ್ನು. ಸಿಕ್ಕಿದ ಅಂಕ ತನ್ನದಲ್ಲ ಎಂದು ಹೇಳುವ ವಿದ್ಯಾರ್ಥಿ, ಬಂದ ಹೊಗಳಿಕೆ ತನಗೆ ಸಲ್ಲಬೇಕಾದ್ದಲ್ಲ ಎಂದು ಹೇಳುವ ಪದಾಧಿಕಾರಿ ಎಷ್ಟು ಮಂದಿ ಸಿಗುತ್ತಾರೆ? ಯುದ್ಧ ಗೆಲ್ಲುವ ಶಕ್ತಿ ಕೆಲವರಿಗೆ ಮಾತ್ರ ಇರುತ್ತದೆ. ಈ ಶಕ್ತಿ ಮನಸ್ಸು ಮಾಡಿದರೆ ಎಲ್ಲರಿಗೂ ಬರುವಂಥದ್ದು.

ಇನ್ನೊಂದು ಸಂಗತಿ ಇದೆ. ಕುರುಕ್ಷೇತ್ರ ಯುದ್ಧದ ಮೊದಲ ದಿನವೇ ಉತ್ತರ ಆನೆಯೇರಿ ಮದ್ರದೇಶದ ರಾಜ ಶಲ್ಯನ ಮೇಲೆ ನುಗ್ಗಿದ. ಅವನ ಆನೆ ಶಲ್ಯನ ರಥದ ನಾಲ್ಕು ಕುದುರೆಗಳನ್ನೂ ತುಳಿದು ಕೊಂದಿತು. ಶಲ್ಯ ಎಸೆದ ಶಕ್ತ್ಯಾಯುಧ ತಾಗಿ ಹುಡುಗ ಬಿದ್ದು ಸತ್ತ. ಹದಿನೆಂಟು ದಿನದ ಯುದ್ಧದಲ್ಲಿ ಪಾಂಡವರ ಪರವಾಗಿ ಮೊದಮೊದಲು ಪ್ರಾಣ ಕೊಟ್ಟ ರಾಜಕುಮಾರರಲ್ಲಿ ಒಬ್ಬ ನಮ್ಮ ಒಲೆ ಮುಂದಿನ ಉತ್ತರ. ಅಂದು ಅವನು ಓಡಲಿಲ್ಲ. ಈ ಸಾವಿನ ಬಗ್ಗೆ ನಮ್ಮಲ್ಲಿ ಒಂದು ಗಾದೆಯೂ ಇಲ್ಲ. ಒಬ್ಬ ಮನುಷ್ಯನ ಒಂದು ದಿನದ ಹೆದರಿಕೆಯನ್ನು ಐನೂರು ವರ್ಷ ನೆನಪಿಟ್ಟುಕೊಂಡ ಜನ ಅವನ ಕೊನೆಯ ದಿನವನ್ನು ಮರೆತೆವು.

ನಮ್ಮ ಸೀಮೆಯ ಇನ್ನೊಂದು ಅಡ್ಡಮಾತು

ಹೀಗೆ ಒಂದು ಅಡ್ಡಮಾತಿನಲ್ಲಿ ದೊಡ್ಡ ಸಂಗತಿಯೊಂದು ಹೂತುಹೋಗುವುದು ಪುರಾಣದಲ್ಲಿ ಮಾತ್ರ ಅಲ್ಲ. ನಾವು ಕುಳಿತಿರುವ ಈ ಸೀಮೆಯಲ್ಲೇ ಅಂಥದ್ದು ನಡೆದಿದೆ. 1834ರಲ್ಲಿ ಬ್ರಿಟಿಷರು ಕೊಡಗಿನ ಅರಸ ಚಿಕ್ಕವೀರ ರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ಭತ್ತ ಇದ್ದವನ ಹತ್ತಿರ ರೊಕ್ಕ ಎಲ್ಲಿಂದ ಬರಬೇಕು? ರೈತರು ಎದ್ದುನಿಂತರು.

ಆಗ ಕೊಡಗಿನ ಅರಸು ಮನೆತನದ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಲಾದವನು ಪುಟ್ಟಬಸಪ್ಪ ಎಂಬ ಸಾಮಾನ್ಯ ರೈತ. ಅರಸುತನದ ಪಾಠ ಹೇಳಿಸಿಕೊಂಡವನಲ್ಲ. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದಾಳುಗಳಾಗಿ ನಿಂತರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. 1837ರ ಏಪ್ರಿಲ್ ತಿಂಗಳಲ್ಲಿ ಈ ರೈತರ ದಂಡು ಮಂಗಳೂರಿಗೆ ಹೋಗಿ ಸುಮಾರು ಎರಡು ವಾರ ಆ ಪಟ್ಟಣವನ್ನು ಹಿಡಿದಿಟ್ಟುಕೊಂಡಿತು. ಆಮೇಲೆ ಬ್ರಿಟಿಷ್ ಸೈನ್ಯ ಬಂತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಇದು 1857ರ ದಂಗೆಗಿಂತ 20 ವರ್ಷ ಮೊದಲಿನ ಮಾತು. ಆದರೆ ಬಹುಕಾಲ ಇದಕ್ಕೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಸೂರೆ, ಪುಂಡಾಟ. ತೆರಿಗೆಯ ಭಾರಕ್ಕೆ ಬೆನ್ನು ಬಾಗಿದವರು ಎದ್ದು ನಿಂತದ್ದು ಜನರ ಬಾಯಲ್ಲಿ ಒಂದು ಹಗುರ ಮಾತಾಗಿ ಉಳಿಯಿತು. ನಮ್ಮ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿ ಬರೆದು ಈ ಘಟನೆಯನ್ನು ಓದುಗರ ಮುಂದಿಟ್ಟರು. ಇತಿಹಾಸಕಾರರು ಅಮರ ಸುಳ್ಯ ರೈತ ದಂಗೆ ಎಂದು ಅದಕ್ಕೆ ಗೌರವದ ಹೆಸರು ಕೊಟ್ಟರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದು ನಿಂತಿತು. ಅಡ್ಡಮಾತು ಅಳಿಸಲು ಇಷ್ಟು ಕಾಲ ಹಿಡಿಯಿತು. ಅಳಿಸಿದವರು ಓದಿದವರು, ಬರೆದವರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಜೊತೆಗೆ ನಿಂತವರು

ಚಿಕ್ಕ ವಯಸ್ಸಿನಲ್ಲಿ ಪಟ್ಟ ಬಂದವರೆಲ್ಲ ನಗೆಪಾಟಲಾಗಲಿಲ್ಲ. 1556ರಲ್ಲಿ ಹುಮಾಯೂನ್ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಾಗ ಮಗ ಅಕ್ಬರನಿಗೆ 13 ವರ್ಷ. ಪಂಜಾಬಿನ ಕಲಾನೌರ್‌ನಲ್ಲಿ ಪಟ್ಟಾಭಿಷೇಕವಾಯಿತು. ಜೊತೆಗೆ ನಿಂತವನು ಬೈರಾಮ್ ಖಾನ್. ಅಕ್ಬರನಿಗೆ ಓದು ಬರಹ ಹತ್ತಲಿಲ್ಲ, ಆದರೂ ಕಲಿಕೆಯನ್ನು ಬಿಡಲಿಲ್ಲ. ಬೇರೆಯವರಿಂದ ಗ್ರಂಥಗಳನ್ನು ಓದಿಸಿ ಕೇಳುತ್ತಿದ್ದ. ನಮ್ಮ ಮೈಸೂರಿನಲ್ಲಿ 1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ 10 ವರ್ಷ. 1902ರವರೆಗೆ ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯಭಾರ ನೋಡಿಕೊಂಡರು, ಮಗನ ಕಲಿಕೆಯನ್ನೂ ನೋಡಿಕೊಂಡರು. ಹಾಗೆ ತಯಾರಾಗಿ ಬಂದ ದೊರೆಯ ಕಾಲದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಹಿಂದುಳಿದ ಸಮುದಾಯಗಳ ಮಕ್ಕಳಿಗೂ ಸರಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು.

ಉತ್ತರನಿಗೂ ಇವರಿಗೂ ಇದ್ದ ವ್ಯತ್ಯಾಸ ಹುಟ್ಟಿನಲ್ಲಿಲ್ಲ. ಇವರ ಜೊತೆ ಒಬ್ಬರು ಮೊದಲೇ ನಿಂತಿದ್ದರು. ಉತ್ತರನಿಗೆ ಆ ಒಬ್ಬರು ಸಿಕ್ಕಿದ್ದು ಯುದ್ಧಭೂಮಿಯಲ್ಲಿ, ಅರ್ಧ ದಾರಿ ಓಡಿದ ಮೇಲೆ.

ಹಾಗಾಗಿ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿಭಾ ಪುರಸ್ಕಾರ ಮಾಡುತ್ತೇವೆ, ಒಳ್ಳೆಯದೇ. ಹೆಚ್ಚು ಅಂಕ ತೆಗೆದವರಿಗೆ ಶಾಲು, ಸ್ಮರಣಿಕೆ ಕೊಡುತ್ತೇವೆ. ಇವತ್ತು ಈ ವೇದಿಕೆಗೆ ಬಾರದ ಮಕ್ಕಳೂ ಊರಲ್ಲಿದ್ದಾರೆ. ಫೇಲಾದವನು, ಪಿಯುಸಿ ಅರ್ಧದಲ್ಲಿ ಬಿಟ್ಟವನು, ಇಂಗ್ಲಿಷಿಗೆ ಹೆದರಿ ಕಾಲೇಜಿನಿಂದ ಓಡಿಬಂದವನು. ಇವರ ಹಿಂದೆ ಓಡಿ ಹೋಗುವ ಬೃಹನ್ನಳೆಯರು ಬೇಕು. ಓಡುವಾಗ ನೋಡಿದವರು ನಗುತ್ತಾರೆ. ನಗಲಿ. ನೂರು ಹೆಜ್ಜೆಯೊಳಗೆ ಹಿಡಿದರೆ ಹುಡುಗ ಸಿಗುತ್ತಾನೆ. ಸಾವಿರ ಹೆಜ್ಜೆ ಹೋದ ಮೇಲೆ ಕಷ್ಟ. ಹಿಡಿದ ಮೇಲೆ ಉಪದೇಶ ಕಡಿಮೆ ಮಾಡಿ ಅವನ ಕೈಗೆ ಒಂದು ಹಗ್ಗ ಕೊಡಬೇಕು. ಐಟಿಐ ಆಗಲಿ, ಡಿಪ್ಲೊಮಾ ಆಗಲಿ, ಮರುಪರೀಕ್ಷೆಯ ಅರ್ಜಿಯಾಗಲಿ, ಅವನಿಗೆ ಹಿಡಿಯಲು ಆಗುವಂಥದ್ದು.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಹೆದರಿಕೆ ಯಾರಿಗೂ ತಪ್ಪಿದ್ದಲ್ಲ. ತಯಾರಿ ಇಲ್ಲದೆ ಇದ್ದರೆ ಇಲ್ಲ ಎಂದು ಹೇಳಿ, ನೆಪ ಹೇಳಬೇಡಿ. ಕಲಿಸುವವರು ಯಾವ ವೇಷದಲ್ಲಿ ಬಂದರೂ ಕಲಿಯಿರಿ. ಉತ್ತರನಿಗೆ ಕಲಿಸಿದವರು ಯಾರೂ ಲೆಕ್ಕಕ್ಕಿಡದ, ಮಕ್ಕಳೂ ನಕ್ಕ ಒಬ್ಬ ನಾಟ್ಯದ ಗುರು. ಮತ್ತು ಗೆಳೆಯನೊಬ್ಬ ಒಮ್ಮೆ ಸೋತು ಬಂದಾಗ ಅವನಿಗೆ ಅಡ್ಡಹೆಸರು ಇಡಬೇಡಿ. ಅವನ ಕಥೆ ಇನ್ನೂ ಮುಗಿದಿರುವುದಿಲ್ಲ.

ಇನ್ನು ಮುಂದೆ ಮಳೆಗಾಲದಲ್ಲಿ ಎಲ್ಲಾದರೂ ವಿರಾಟ ಪರ್ವದ ತಾಳಮದ್ದಳೆ ಇದ್ದರೆ ಹೋಗಿ ಕುಳಿತು ಕೇಳಿ. ಉತ್ತರನ ಮಾತಿಗೆ ಮನಸಾರೆ ನಗಿ. ಆದರೆ ಅವನು ಸಭೆಗೆ ಹಿಂತಿರುಗಿ ತಂದೆಯ ಎದುರು ಸತ್ಯ ಹೇಳುವವರೆಗೆ ಎದ್ದು ಬರಬೇಡಿ.